ತಂತಿ ಉದ್ದವಾಯಿತು, ಗದ್ದಲವೂ ಹೆಚ್ಚಾಯಿತು: ಓದುಗರ ಶಾರ್ಟ್‌ವೇವ್ ಪ್ರಶ್ನೆಗಳು

ಪ್ರಶ್ನೆ: ನನ್ನ ಚಿಕ್ಕ ಶಾರ್ಟ್‌ವೇವ್ ರೇಡಿಯೊದ ಏರಿಯಲ್ ಕಡ್ಡಿಗೆ 20 ಮೀಟರ್ ತಂತಿ ಕ್ಲಿಪ್ ಮಾಡಿ, ಕಿಟಕಿಯಿಂದ ಹೊರಗೆ ಮರಕ್ಕೆ ಎಳೆದಿದ್ದೇನೆ. ಗುಂಯ್‌ಗುಡುವಿಕೆ ಜಾಸ್ತಿಯಾಗಿದೆ, ಒಂದೇ ಕೇಂದ್ರ ಎರಡು ಕಡೆ ಕೇಳುತ್ತಿದೆ. ತಂತಿ ಇನ್ನೂ ಉದ್ದ ಬೇಕೇ?

ಉತ್ತರ: ಖಂಡಿತ ಬೇಡ. ನಿಮ್ಮ ರೇಡಿಯೊಗೆ 20 ಮೀಟರೇ ಹೆಚ್ಚಾಗಿದೆ. ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ.

ಚಿಕ್ಕ ರೇಡಿಯೊಗಳನ್ನು ಅವುಗಳ ಕಡ್ಡಿ ಹಿಡಿಯುವಷ್ಟು ಸಿಗ್ನಲ್‌ಗೆ ತಕ್ಕಂತೆ ಮಾಡಿರುತ್ತಾರೆ. ಅದಕ್ಕಿಂತ ಬಹಳ ಹೆಚ್ಚು ನುಗ್ಗಿದರೆ ಮೊದಲ ಹಂತ ತಡೆಯುವುದಿಲ್ಲ. ಐ.ಎಫ್. (ಬಂದ ಸಿಗ್ನಲ್ಲನ್ನು ರೇಡಿಯೊ ತನ್ನೊಳಗೆ ಬದಲಿಸಿಕೊಳ್ಳುವ ಮಧ್ಯಂತರ ಆವರ್ತನ) 455 ಕಿಲೋಹರ್ಟ್ಸ್ ಇರುವ ರೇಡಿಯೊದಲ್ಲಿ 9,800 ಕಿಲೋಹರ್ಟ್ಸ್‌ನ ಪ್ರಬಲ ಕೇಂದ್ರ 8,890ರಲ್ಲೂ ಕೇಳಿದರೆ, ಎರಡನೆಯದು ನೆರಳು: ಅಂತರ 910, ಅಂದರೆ 455ರ ಎರಡರಷ್ಟು. ಡಿಎಕ್ಸ್–ಲೋಕಲ್ ಸ್ವಿಚ್ (ದೂರದ ಕೇಂದ್ರಕ್ಕೆ ಡಿಎಕ್ಸ್, ಪ್ರಬಲ ಸಿಗ್ನಲ್ ತಗ್ಗಿಸಲು ಲೋಕಲ್) ಇದ್ದರೆ ಲೋಕಲ್‌ಗೆ ಹಾಕಿ. ಇಲ್ಲದಿದ್ದರೆ ತಂತಿಯನ್ನು 6–8 ಮೀಟರಿಗೆ ಇಳಿಸಿ, ಅಥವಾ ಕ್ಲಿಪ್ ತೆಗೆದು, ಪ್ಲಾಸ್ಟಿಕ್ ಹೊದಿಕೆ ಇರುವಂತೆಯೇ ಕಡ್ಡಿಗೆ ನಾಲ್ಕೈದು ಸುತ್ತು ಸುತ್ತಿ.

ಗುಂಯ್‌ಗುಡುವಿಕೆ ಹುಟ್ಟುವುದು ಬಹುಪಾಲು ಮನೆಯೊಳಗೇ. ರೇಡಿಯೊ ಬ್ಯಾಟರಿಯಲ್ಲಿ ಓಡುತ್ತಿರುವಾಗ ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ. ಸದ್ದು ತಟ್ಟನೆ ತಗ್ಗಿದರೆ ಒಂದೊಂದಾಗಿ ಹಾಕುತ್ತ ಬನ್ನಿ; ಮೊಬೈಲ್ ಚಾರ್ಜರ್ ಅಥವಾ ಎಲ್‌ಇಡಿ ದೀಪ ಸಿಕ್ಕಿಬೀಳುತ್ತದೆ. ನಿಮ್ಮ ತಂತಿ ಗೋಡೆಯ ವೈರಿಂಗ್ ಪಕ್ಕದಲ್ಲೇ ಒಳಗೆ ಬರುವುದರಿಂದ ಕೇಂದ್ರಕ್ಕಿಂತ ಮೊದಲು ಗದ್ದಲವನ್ನೇ ಹಿಡಿಯುತ್ತದೆ. ಹಾಗಾಗಿ ಉದ್ದಕ್ಕಿಂತ ಜಾಗ ಮುಖ್ಯ: ಆಂಟೆನಾ ಪೂರ್ತಿ ಮನೆಯಿಂದ ದೂರ ಇರಲಿ, ಒಳಗೆ ಬರುವುದು ಕೋಆಕ್ಸಿಯಲ್ ಕೇಬಲ್ (ನಡುತಂತಿಯ ಸುತ್ತ ಲೋಹದ ಜಾಲರಿ ಇರುವ ಕೇಬಲ್) ಮಾತ್ರ. ಟಿ.ವಿ.ಯ ಆರ್‌ಜಿ-6 ಕೇಬಲ್ ಸಾಕು; ಕೇಳುವುದಕ್ಕೆ ಅದರ 75 ಓಮ್ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಅಡ್ಡಿಯಲ್ಲ.

ತಂತಿ ಮತ್ತು ಕೇಬಲ್ ಸೇರುವಲ್ಲಿ, ತಂತಿಯ ಹೆಚ್ಚಿನ ಇಂಪಿಡೆನ್ಸನ್ನು ಕೇಬಲ್ಲಿಗೆ ಹೊಂದಿಸಲು 9:1 ಟ್ರಾನ್ಸ್‌ಫಾರ್ಮರ್ ಬೇಕು (ಸುತ್ತು 3:1 ಆದರೆ ಇಂಪಿಡೆನ್ಸ್ 9:1). 43 ಬಗೆಯ ಫೆರೈಟ್ (ಒಂದು ಕಾಂತೀಯ ವಸ್ತು) ಉಂಗುರಕ್ಕೆ 9 ಸುತ್ತು, ಅದಕ್ಕೆ ತಾಗದಂತೆ ಬೇರೆಯಾಗಿ 3 ಸುತ್ತು ಹಾಕಿ. 9 ಸುತ್ತಿನ ಒಂದು ತುದಿ ತಂತಿಗೆ, ಇನ್ನೊಂದು ಅಲ್ಲೇ ನೆಲಕ್ಕೆ ಹೊಡೆದ ಅರ್ಥ್ ಸಲಾಕೆಗೆ. 3 ಸುತ್ತಿನ ತುದಿಗಳು ಕೇಬಲ್ಲಿನ ನಡುತಂತಿಗೂ ಜಾಲರಿಗೂ. ಎರಡೂ ಸುರುಳಿಗಳನ್ನು ಒಂದಕ್ಕೊಂದು ಸೇರಿಸಬೇಡಿ. ಸೇರಿಸಿದರೆ ಜಾಲರಿಯ ಹೊರಮೈಯಲ್ಲಿ ಬರುವ ಮನೆಯ ಗದ್ದಲ ಮತ್ತೆ ಆಂಟೆನಾ ಏರುತ್ತದೆ. ಕನೆಕ್ಟರಿಗೆ ತನ್ನಷ್ಟಕ್ಕೆ ಬೆಸೆಯುವ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಜಾಲರಿಯೊಳಗೆ ನೀರು ಇಳಿದರೆ ತಾಮ್ರ ಕಪ್ಪಾಗಿ, ಕೇಬಲ್ಲೇ ಬದಲಿಸಬೇಕಾಗುತ್ತದೆ. ಒಳಗೆ ಬರುವ ಮೊದಲು ಕೇಬಲ್ ಕೆಳಕ್ಕೆ ಜೋತು ಬಿದ್ದಿರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮರದ ತುದಿಯಲ್ಲಿ ಗಂಟು ಹಾಕಬೇಡಿ. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತೂಕ ಕಟ್ಟಿ. ಗಾಳಿಗೆ ಕೊಂಬೆ ಆಡಿದಾಗ ತೂಕ ಏರಿಳಿಯುತ್ತದೆ, ತಂತಿ ತುಂಡಾಗುವುದಿಲ್ಲ.

ಪ್ರಶ್ನೆ: 31 ಮೀಟರ್ ಬ್ಯಾಂಡ್ ಮಾತ್ರ ಕೇಳುತ್ತೇನೆ. ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ಸಮ ತೋಳಿನ ಆಂಟೆನಾ) ಅಳತೆ ಎಷ್ಟು?

ಉತ್ತರ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 9.6ಕ್ಕೆ ಸುಮಾರು 14.9 ಮೀಟರ್, ಅಂದರೆ ಪ್ರತಿ ತೋಳು 7.45. ಒಂದೆರಡು ಅಂಗುಲದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೆ ದಿಕ್ಕಿನ ಪ್ರಭಾವವೂ ಅಷ್ಟಾಗಿ ಇರುವುದಿಲ್ಲ. ಜಾಗ ಸಿಕ್ಕ ಕಡೆಗೆ ಎಳೆಯಿರಿ.

ಪ್ರಶ್ನೆ: ಗುಡುಗಿನ ದಿನ ರೇಡಿಯೊ ಆರಿಸಿದರೆ ಸಾಲದೇ?

ಉತ್ತರ: ಸಾಲದು. ಮೋಡ ಕವಿಯುವ ಮೊದಲೇ ಕೇಬಲ್ ಕಳಚಿ ಅದರ ತುದಿಯನ್ನು ಮನೆಯ ಹೊರಗಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲೇಬಾರದು. ಕರೆಂಟ್ ತಂತಿಯ ಮೇಲಾಗಲಿ ಕೆಳಗಾಗಲಿ ಆಂಟೆನಾ ಹಾಯಿಸಬೇಡಿ. ಕಳಚಿ ಬಿದ್ದರೂ ತಾಗದಷ್ಟು ದೂರ ಬಿಡಿ.