ಲೈಕ್ ಬಂತು, ಚಿತ್ರ ಹೋಗಲಿಲ್ಲ

ಆನ್‌ಲೈನ್‌ನಲ್ಲಿ ಕಲಾಕೃತಿ ಮಾರುವವರು ನನಗೆ ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಸುತ್ತ ಇರುತ್ತವೆ. ಅದಕ್ಕೇ ಈ ಸಲ ಜಾಸ್ತಿ ಜಾಗ ಅದಕ್ಕೆ. ಆ್ಯಡ್ ಅಕೌಂಟ್ ತೆರೆಯುವುದು ಹೇಗೆ, ಪಿಕ್ಸೆಲ್ (ತಾಣಕ್ಕೆ ಬಂದವರು ಏನು ಮಾಡಿದರು ಅಂತ ಗುರುತಿಸುವ ಕೋಡ್) ಹಾಕುವುದು ಹೇಗೆ ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಕರ್ನಾಟಕದ ಕಲಾವಿದರ ಚಿತ್ರಗಳನ್ನು ಮಾರುವ ವೆಬ್‌ಸೈಟ್ ಶುರು ಮಾಡಿದ್ದೇವೆ. ಮೈಸೂರು ಶೈಲಿ, ಚಿತ್ತಾರ, ಜಲವರ್ಣ ಎಲ್ಲ ಇದೆ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಬೂಸ್ಟ್ ಮಾಡಿದೆವು, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಿದೆವು. ಲೈಕ್ ರಾಶಿ ಬಂತು, ಒಂದು ಚಿತ್ರವೂ ಹೋಗಲಿಲ್ಲ. ಬಜೆಟ್ ಹೆಚ್ಚಿಸಬೇಕಾ?

ಉತ್ತರ: ಬೇಡ. ಮೊದಲು ಬೂಸ್ಟ್ ಬಟನ್ ಮುಟ್ಟುವುದನ್ನು ಬಿಡಿ. ನೀವು ಯಾವ ಗುರಿ ಕೊಡುತ್ತೀರೋ ಅದನ್ನು ಮಾಡುವ ಜನರನ್ನೇ ಇನ್‌ಸ್ಟಾಗ್ರಾಂನ ಜಾಹೀರಾತು ವ್ಯವಸ್ಥೆ ಹುಡುಕುತ್ತದೆ. ಲೈಕ್ ಕೇಳಿದರೆ, ಕಂಡದ್ದಕ್ಕೆಲ್ಲ ಲೈಕ್ ಒತ್ತುವವರನ್ನು ತಂದು ಕೊಡುತ್ತದೆ. ಅವರಲ್ಲಿ ಚಿತ್ರ ಕೊಳ್ಳುವವರು ಕಡಿಮೆ.

ಹಾಗಂತ ನೇರವಾಗಿ ‘ಖರೀದಿ’ ಅನ್ನುವ ಗುರಿ ಕೊಟ್ಟರೂ ನಿಮಗೆ ಕಷ್ಟವೇ. ಒಂದು ಆ್ಯಡ್ ಸೆಟ್‌ಗೆ (ಒಂದೇ ಬಜೆಟ್, ಒಂದೇ ಗುರಿಯ ಜಾಹೀರಾತುಗಳ ಗುಂಪಿಗೆ) ವಾರದಲ್ಲಿ ಸುಮಾರು 50 ಫಲಿತಾಂಶ ಸಿಕ್ಕರೆ, ಯಾರಿಗೆ ತೋರಿಸಬೇಕು ಅಂತ ವ್ಯವಸ್ಥೆ ಕಲಿಯುವ ಹಂತ ಮುಗಿಯುತ್ತದೆ ಎಂದು ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾ ಹೇಳುತ್ತದೆ. ವಾರಕ್ಕೆ 50 ಪೇಂಟಿಂಗ್ ಮಾರುವ ಹೊಸ ತಾಣ ಎಲ್ಲಿದೆ? ಆದ್ದರಿಂದ ಖರೀದಿಗೆ ಒಂದು ಹೆಜ್ಜೆ ಹಿಂದಿನದನ್ನು ಗುರಿ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರದ ಬಗ್ಗೆ ವಿಚಾರಿಸುವುದು, ಕಾರ್ಟ್‌ಗೆ ಹಾಕುವುದು, ಇಂಥದ್ದು. ಹಣವನ್ನು ಹತ್ತು ಆ್ಯಡ್ ಸೆಟ್‌ಗಳಿಗೆ ಚೂರು ಚೂರು ಹಂಚಬೇಡಿ. ಒಂದೋ ಎರಡೋ ಸಾಕು.

ಇನ್ನು ಲೆಕ್ಕ. 12,000 ರೂಪಾಯಿಯ ಚಿತ್ರ, ನಿಮ್ಮ ಕಮಿಷನ್ ಶೇ 30 ಅಂತಿಟ್ಟುಕೊಳ್ಳಿ. ನಿಮ್ಮ ಪಾಲು 3,600. ಪ್ಯಾಕಿಂಗ್, ಕೊರಿಯರ್, ಪೇಮೆಂಟ್ ಗೇಟ್‌ವೇ ಅಂತ 1,600 ಹೋದರೆ ಉಳಿಯುವುದು 2,000. ಒಂದು ಚಿತ್ರ ಮಾರಲು ಜಾಹೀರಾತಿಗೆ ಅದಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಪ್ರತಿ ಮಾರಾಟಕ್ಕೂ ಕೈಯಿಂದ ಹಾಕುತ್ತಿದ್ದೀರಿ. 700 ರೂಪಾಯಿಯ ಪ್ರಿಂಟ್‌ನಲ್ಲಿ ಕಮಿಷನ್ ಬರೀ 210. ಅದಕ್ಕೆ ಕಾಸು ಕೊಟ್ಟು ಜಾಹೀರಾತು ಮಾಡಲೇಬೇಡಿ. ಈ ಲೆಕ್ಕ ಕಾಗದದ ಮೇಲೆ ಬರೆಯದೆ ನನಗೆ ಪ್ರಶ್ನೆ ಕಳಿಸುವವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ.

ಈಗ ಮುಖ್ಯ ವಿಷಯ, ಜಾಹೀರಾತಿನಲ್ಲಿ ಏನು ತೋರಿಸಬೇಕು? ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಹೋಗಿ. ಚಿತ್ರಕಲಾ ಪರಿಷತ್ತು ವರ್ಷವೂ ಅಲ್ಲಿ ಚಿತ್ರಸಂತೆ ನಡೆಸುತ್ತದೆ. ಕೊಳ್ಳುವವರು ಏನು ಮಾಡುತ್ತಾರೆ ನೋಡಿ. ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಹಿಂದೆ ತಿರುಗಿಸುತ್ತಾರೆ. ‘ನೀವೇ ಬರೆದದ್ದಾ?’ ಅಂತ ಕೇಳುತ್ತಾರೆ. ಕೈ ಅಗಲಿಸಿ, ಸೋಫಾದ ಮೇಲಿನ ಗೋಡೆಗೆ ಸರಿಹೋಗುತ್ತಾ ಅಂತ ಅಳೆಯುತ್ತಾರೆ. ಆಮೇಲೆ ಬೆಲೆ. ಫೋನಿನಲ್ಲಿ ಇದ್ಯಾವುದೂ ಆಗುವುದಿಲ್ಲ. ಆ ಕೆಲಸವನ್ನೆಲ್ಲ ನಿಮ್ಮ ಜಾಹೀರಾತೇ ಮಾಡಬೇಕು.

ಮೈಸೂರು ಶೈಲಿಯ ಚಿತ್ರವನ್ನೇ ತೆಗೆದುಕೊಳ್ಳಿ. ಅದರ ಗೆಸ್ಸೋ ಕೆಲಸ (ಚಿನ್ನದ ರೇಕಿನ ಕೆಳಗೆ ಲೇಪದಿಂದ ಮಾಡುವ ಉಬ್ಬು) ತಂಜಾವೂರಿನದಕ್ಕಿಂತ ತೆಳು, ಸೂಕ್ಷ್ಮ. ಎದುರಿನಿಂದ ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಉಬ್ಬು ಮಾಯ, ಚಿನ್ನದ ರೇಕು ಸುಮ್ನೆ ಹಳದಿ ಬಣ್ಣದ ಹಾಗೆ ಕಾಣುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು, ಚಿತ್ರವನ್ನು ನಿಧಾನ ಓರೆ ಮಾಡಿ, ಹತ್ತು ಸೆಕೆಂಡಿನ ವಿಡಿಯೊ ತೆಗೆಯಿರಿ. ದೇವಿಯ ಕಿರೀಟದ ಮೇಲೆ ಬೆಳಕು ಹರಿದು ಹೋಗುವುದು ಕಾಣುತ್ತದೆ. ಆಮೇಲೆ ಅದೇ ಚಿತ್ರ ಗೋಡೆಯ ಮೇಲೆ, ಪಕ್ಕದಲ್ಲಿ ಒಂದು ಕುರ್ಚಿ ಇರಲಿ. ಅಳತೆ, ಬೆಲೆ, ಫ್ರೇಮ್ ಸೇರಿದೆಯೋ ಇಲ್ಲವೋ, ಮೂರೂ ಜಾಹೀರಾತಿನಲ್ಲೇ ಬರಬೇಕು. ‘ಬೆಲೆಗೆ ಮೆಸೇಜ್ ಮಾಡಿ’ ಅಂದರೆ ಕೊಳ್ಳುವವನು ಹಿಂಜರಿಯುತ್ತಾನೆ. ಚಿತ್ತಾರವಾದರೆ ಪುಂಡಿ ನಾರಿನ ಕುಂಚ ಹಿಡಿದು ಬಿಳಿ ಗೆರೆ ಎಳೆಯುತ್ತಿರುವ ಕೈಯನ್ನೇ ತೋರಿಸಿ. ಅದು ಯಂತ್ರದ ಪ್ರಿಂಟ್ ಅಲ್ಲ ಅನ್ನಲು ಬೇರೆ ಮಾತು ಬೇಡ.

ವಿದೇಶದ ಕನ್ನಡಿಗರಿಗೂ ಮಾರುವುದಾದರೆ ಸಾಗಣೆಯ ಮಾತು ಮೊದಲೇ ಹೇಳಿ. ಕ್ಯಾನ್ವಾಸ್ ಸುತ್ತಿ ಕೊಳವೆಯಲ್ಲಿ ಕಳಿಸಬಹುದು. ಗೆಸ್ಸೋ ಉಬ್ಬು ಇರುವುದನ್ನು ಸುತ್ತಿದರೆ ಬಿರುಕು ಬಿಡುತ್ತದೆ, ಅದು ಹಲಗೆಯ ಮೇಲೆಯೇ ಹೋಗಬೇಕು. ಆ ಖರ್ಚು ಕಡೆಯ ಪುಟದಲ್ಲಿ ಕಂಡರೆ ಗಿರಾಕಿ ಅಲ್ಲೇ ಬಿಟ್ಟು ಹೋಗುತ್ತಾರೆ.

ಬಹಳ ಜನ ಮರೆಯುವ ಸಂಗತಿ ಇನ್ನೊಂದಿದೆ. ಮೂಲಚಿತ್ರ ಇರುವುದು ಒಂದೇ. ಅದು ಮಾರಾಟವಾದ ಮೇಲೂ ಜಾಹೀರಾತು ಓಡುತ್ತಿದ್ದರೆ ದುಡ್ಡು ನೀರಿನಲ್ಲಿ ಹೋಮ. ಅದಕ್ಕೇ ಲಿಂಕನ್ನು ಒಂದು ಚಿತ್ರದ ಪುಟಕ್ಕಲ್ಲ, ಕಲಾವಿದರ ಪುಟಕ್ಕೆ ಕೊಡಿ. ಒಂದು ಹೋದರೂ ಅದೇ ಕೈಯ ಇನ್ನೂ ನಾಲ್ಕು ಅಲ್ಲಿರುತ್ತವೆ.

ಗೂಗಲ್‌ನಲ್ಲಿ ‘ಪೇಂಟಿಂಗ್’ ಎಂಬ ಒಂಟಿ ಪದಕ್ಕೆ ದುಡ್ಡು ಕಟ್ಟಬೇಡಿ. ಮನೆಗೆ ಸುಣ್ಣಬಣ್ಣ ಮಾಡಿಸುವವರೂ ಅದನ್ನೇ ಹುಡುಕುತ್ತಾರೆ, ಅಲ್ವಾ? ‘ಹೌಸ್’, ‘ಫ್ರೀ’, ‘ವಾಲ್‌ಪೇಪರ್’, ‘ಡೌನ್‌ಲೋಡ್’, ‘ಕ್ಲಾಸ್’ ಇವನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕಿ; ಆ ಪದ ಹುಡುಕಿದವರಿಗೆ ನಿಮ್ಮ ಜಾಹೀರಾತು ಕಾಣುವುದಿಲ್ಲ.

ಪ್ರಶ್ನೆ: ಒಬ್ಬ ಏಜೆಂಟ್ ತಿಂಗಳಿಗೆ 10,000 ಫಾಲೋವರ್ ಮತ್ತು ಮಾರಾಟದ ಗ್ಯಾರಂಟಿ ಕೊಡುತ್ತಿದ್ದಾನೆ. ಒಪ್ಪಲೇ?

ಉತ್ತರ: ಬಾಗಿಲು ಹಾಕಿ. ಮಾರಾಟದ ಗ್ಯಾರಂಟಿ ಕೊಡುವವನು ಮೋಸಗಾರ. ದುಡ್ಡಿಗೆ ಬಂದ ಫಾಲೋವರ್ ಯಾರೂ ನಿಮ್ಮ ಚಿತ್ರ ಕೊಳ್ಳುವುದಿಲ್ಲ.

ಪ್ರಶ್ನೆ: ದೀಪಾವಳಿಗೆ ಶೇ 50 ರಿಯಾಯಿತಿ ಕೊಡೋಣವೇ?

ಉತ್ತರ: ಕಳೆದ ತಿಂಗಳು ಪೂರ್ತಿ ಬೆಲೆ ಕೊಟ್ಟವರಿಗೆ ಏನು ಹೇಳುತ್ತೀರಿ? ಬೇಡ.

ಪ್ರಶ್ನೆ: ಇನ್‌ಫ್ಲುಯೆನ್ಸರ್‌ಗೆ ದುಡ್ಡಿನ ಬದಲು ಪೇಂಟಿಂಗ್ ಕೊಟ್ಟರೆ ‘ಜಾಹೀರಾತು’ ಅಂತ ಬರೆಯಬೇಕಾ?

ಉತ್ತರ: ಬರೆಯಲೇಬೇಕು. ಉಡುಗೊರೆಯೂ ಲೆಕ್ಕಕ್ಕೆ ಬರುತ್ತದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ.

ಪ್ರಶ್ನೆ: ಮಾರಾಟವಾದ ಚಿತ್ರವನ್ನು ನಮ್ಮ ಬ್ಯಾನರ್‌ನಲ್ಲಿ ಬಳಸಬಹುದೇ?

ಉತ್ತರ: ಚಿತ್ರ ಕೊಂಡವರ ಮನೆಗೆ ಹೋದರೂ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದರದ್ದೇ. ಹೇಳಿ ಬರೆಸಿದ ಚಿತ್ರವಾದರೆ ಬರೆಸಿದವರದ್ದಾಗಿರಬಹುದು. ಕಲಾವಿದರನ್ನು ಸೇರಿಸಿಕೊಳ್ಳುವ ದಿನವೇ ಜಾಹೀರಾತಿಗೆ ಬಳಸಲು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಫೋನಿನಲ್ಲಿ ‘ಆಯ್ತು’ ಅಂದದ್ದನ್ನು ನಂಬಿ ಬ್ಯಾನರ್ ಹಾಕಬೇಡಿ.