ಮನೆ ಬದಲಿಸಿದರೆ ನೆಮ್ಮದಿ ಸಿಗುತ್ತಾ, ಗುಣ ಇದ್ದರೆ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮನೆ ಮಾರತ್ತಹಳ್ಳಿಯಲ್ಲಿ. ಜಯನಗರದ ಕಡೆ ಮನೆ ಮಾಡಿದರೆ ನೆಮ್ಮದಿ ಹೆಚ್ಚುತ್ತಾ? ಮನೆಯ ಹಿರಿಯರು ಮಾತ್ರ ‘ಗುಣ ನೆಟ್ಟಗಿದ್ದರೆ ಎಲ್ಲಿದ್ದರೂ ಸುಖವೇ’ ಅನ್ನುತ್ತಾರೆ.

ಹಿರಿಯರು ಹೇಳಿದ್ದನ್ನೇ ಪ್ರಾಚೀನ ಗ್ರೀಸಿನ ಸ್ಟೋಯಿಕರು ಅನ್ನುವ ತತ್ವಜ್ಞಾನಿಗಳೂ ಹೇಳಿದ್ದರು. ಸದ್ಗುಣವೊಂದಿದ್ದರೆ ಸುಖಕ್ಕೆ ಅಷ್ಟು ಸಾಕು ಅಂತ. ಅವರಿಗಿಂತ ಮುಂಚಿನ ಅರಿಸ್ಟಾಟಲ್‌ಗೆ ಇಂಥ ಮಾತು ಸೇರುತ್ತಿರಲಿಲ್ಲ. ಚಕ್ರಕ್ಕೆ ಕಟ್ಟಿ ಹಿಂಸಿಸುತ್ತಿರುವಾಗಲೂ ಮನುಷ್ಯ ಒಳ್ಳೆಯವನಾದರೆ ಸುಖಿಯೇ ಅನ್ನುವವರು ಅರ್ಥವಿಲ್ಲದ ಮಾತಾಡುತ್ತಿದ್ದಾರೆ ಎಂದು ನೇರವಾಗಿಯೇ ಬರೆದ. ನಾನು ಅರಿಸ್ಟಾಟಲ್ ಕಡೆ. ಅವನ ಇನ್ನೊಂದು ಮಾತು ನಿಮಗೆ ಇನ್ನೂ ಉಪಯೋಗಕ್ಕೆ ಬರುತ್ತದೆ: ಗುಣ ಅನ್ನುವುದು ಬೀರುವಿನಲ್ಲಿಟ್ಟ ಒಡವೆಯಲ್ಲ, ಮಾಡಿ ಮಾಡಿ ಬರುವ ರೂಢಿ. ನುಡಿಸಿ ನುಡಿಸಿಯೇ ವೀಣೆ ಕೈಗೆ ಹತ್ತುವ ಹಾಗೆ. ರೂಢಿಯಾಗಬೇಕಾದರೆ ಬಿಡುವಿರಬೇಕು, ಎದುರಿಗೆ ಮನುಷ್ಯರಿರಬೇಕು. ಇವೆರಡೂ ಎಲ್ಲಿ ಮನೆ ಮಾಡಿದ್ದೀರಿ ಅನ್ನುವುದರ ಮೇಲೆ ಹೋಗುತ್ತವೆ.

ಬಿಡುವಿನ ವಿಷಯ ಮೊದಲು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರನ್ನೇ ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಬಾಗಿಲ ಬಳಿ ಕುಸಿದು ಕೆಮ್ಮುತ್ತಾ ಕೂತಿದ್ದ. ಹೊತ್ತಿದೆ ಎಂದುಕೊಂಡು ಹೊರಟವರಲ್ಲಿ 63% ಜನ ನೆರವಾದರು. ‘ಆಗಲೇ ತಡವಾಯಿತು, ಓಡು’ ಅನ್ನಿಸಿಕೊಂಡವರಲ್ಲಿ ನೆರವಾದವರು ಬರೀ 10%. ತಮಾಷೆ ಏನೆಂದರೆ, ಅವರಲ್ಲಿ ಅರ್ಧದಷ್ಟು ಜನ ಮಾತಾಡಬೇಕಿದ್ದ ವಿಷಯವೇ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಬೈಬಲ್ ಕಥೆ. ಆ ಕಥೆ ತಲೆಯಲ್ಲಿತ್ತು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಗಡಿಯಾರದಿಂದ ಆಯಿತು.

ಇದನ್ನು ಬೆಂಗಳೂರಿನ ಕಸಕ್ಕೆ ಹೊಂದಿಸಿ ನೋಡಿ. ಕಸದ ಆಟೊ ಏಳೂವರೆಗೆ ಬರುತ್ತದೆ ಅಂದುಕೊಳ್ಳಿ. ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಬೇಕಾದವನು ಏಳಕ್ಕೇ ಮನೆ ಬಿಟ್ಟಿರುತ್ತಾನೆ. ಹಸಿ ಕಸ, ಒಣ ಕಸ ಬೇರೆ ಮಾಡಿಟ್ಟರೂ ತೆಗೆದುಕೊಳ್ಳುವವರಿಲ್ಲ. ಎರಡು ದಿನ ಬಾಲ್ಕನಿಯಲ್ಲಿಟ್ಟು ನಾತ ಹೊಡೆದ ಮೇಲೆ ಎಲ್ಲ ಒಂದೇ ಕವರಿಗೆ ತುಂಬಿ, ಸ್ಕೂಟರಿನ ಹುಕ್ಕಿಗೆ ಸಿಕ್ಕಿಸಿ, ತಿರುವಿನ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಎಸೆದು ಹೋಗುತ್ತಾನೆ. ಕವರನ್ನು ನಾಯಿ ಹರಿಯುತ್ತದೆ, ಒಳಗಿದ್ದ ಡೈಪರನ್ನು ಪೌರಕಾರ್ಮಿಕರು ಕೈಯಲ್ಲಿ ಎತ್ತಬೇಕು. ಅವನು ಕೆಟ್ಟವನೇನಲ್ಲ, ಆದರೆ ದಿನಾ ಕೆಟ್ಟದ್ದನ್ನೇ ರೂಢಿ ಮಾಡಿಕೊಳ್ಳುತ್ತಿದ್ದಾನೆ. ಅದೇ ಮನುಷ್ಯ ಎಂಟಕ್ಕೆ ಹೊರಡುವಂತಾದರೆ ಬಕೆಟ್ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾನೆ. ಡೈಪರನ್ನು ಪೇಪರಿನಲ್ಲಿ ಸುತ್ತಿ ಬೇರೆ ಕೊಡುತ್ತಾನೆ. ಆಟೊದವರ ಪರಿಚಯವೂ ಆಗುತ್ತದೆ.

ಇನ್ನು ಎದುರಿಗಿನ ಮನುಷ್ಯರು. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ಯೋಜನಾ ತಜ್ಞ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಹೋಲಿಸಿ ನೋಡಿದ. ದಿನಕ್ಕೆ ಸುಮಾರು 2,000 ಗಾಡಿ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಗೆಳೆಯರು. ಸುಮಾರು 16,000 ಗಾಡಿ ಓಡುವ ಬೀದಿಯಲ್ಲಿ 0.9. ಗಾಡಿ ಹೆಚ್ಚಿದ ಕಡೆ ಜನ ಜಗಲಿ ಬಿಟ್ಟು ಹಿಂದಿನ ಕೋಣೆ ಸೇರುತ್ತಾರೆ, ಅಷ್ಟೇ. ಹಾಗಾಗಿ ಏರಿಯಾದ ಹೆಸರು ನೋಡಿ ಮನೆ ಹಿಡಿಯಬೇಡಿ. ಜಯನಗರದಲ್ಲೂ ಮೇನ್ ರೋಡಿಗೆ ತಗುಲಿದ ಮನೆ ಇದೆ, ಮಾರತ್ತಹಳ್ಳಿಯಲ್ಲೂ ಮಕ್ಕಳು ಕ್ರಿಕೆಟ್ ಆಡುವ ಅಡ್ಡರಸ್ತೆ ಇದೆ.

ಹವೆ, ಮರ, ಪಾರ್ಕು ಇವುಗಳ ಮೇಲೆ ಜನ ಅತಿಯಾಗಿ ಭರವಸೆ ಇಡುತ್ತಾರೆ. 1998ರಲ್ಲಿ ಶ್ಕೇಡ್ ಮತ್ತು ಕಾನೆಮನ್ ಅನ್ನುವ ಸಂಶೋಧಕರು ಅಮೆರಿಕದಲ್ಲಿ ಹಿತವಾದ ಹವೆಯ ಕ್ಯಾಲಿಫೋರ್ನಿಯಾದ ಮತ್ತು ಚಳಿ ಹೆಚ್ಚಿರುವ ಮಧ್ಯಪಶ್ಚಿಮದ ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳು ಎಂದು ಎರಡೂ ಕಡೆಯವರ ಊಹೆ. ಅವರವರ ತೃಪ್ತಿಯನ್ನು ಅಳೆದಾಗ ಎರಡೂ ಕಡೆ ಒಂದೇ. ಹೋಲಿಸುವಾಗ ಕಣ್ಣಿಗೆ ಬೀಳುವುದು ಹವೆ, ಬದುಕುವಾಗ ಅದು ನೆನಪಿಗೇ ಬರುವುದಿಲ್ಲ. ಮೂರನೇ ಬೆಡ್‌ರೂಮೂ ಹೀಗೇ, ಕೆಲವು ತಿಂಗಳಲ್ಲಿ ಇಸ್ತ್ರಿ ಬಟ್ಟೆಯ ಗೋದಾಮು. ಟ್ರಾಫಿಕ್ ಮಾತ್ರ ರೂಢಿಯಾಗುವುದಿಲ್ಲ, ಯಾಕೆಂದರೆ ಅದು ದಿನಕ್ಕೊಂದು ಥರ. ದೂರ ಓಡಾಡುವವರ ತೃಪ್ತಿ ಕಡಿಮೆ, ಸಂಬಳವೋ ಮನೆಯೋ ಅದನ್ನು ತುಂಬಿಕೊಡುವುದಿಲ್ಲ ಎಂದು ಜರ್ಮನಿಯ ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞರಾದ ಸ್ಟುಟ್ಸರ್ ಮತ್ತು ಫ್ರೇ 2008ರಲ್ಲಿ ತೋರಿಸಿದ್ದಾರೆ.

ಈಗ ನಿಮ್ಮ ಲೆಕ್ಕ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಜಯನಗರದ ಕಡೆಯಿಂದ ನಿಮ್ಮ ಆಫೀಸಿಗೆ ಹೋಗುವ ದಾರಿಯೇ ಬದಲಾಗಿದೆ. ಆದರೆ ರೈಲಿನ ಹೊತ್ತನ್ನಷ್ಟೇ ಎಣಿಸಬೇಡಿ. ಮನೆ ಬಾಗಿಲಿನಿಂದ ಸ್ಟೇಷನ್, ಕಾಯುವುದು, ಇಳಿದ ಮೇಲೆ ಆಫೀಸಿನ ಗೇಟಿನವರೆಗೆ ಆಟೊ, ಎಲ್ಲ ಸೇರಿಸಿ. ಒಂದು ಮಂಗಳವಾರವೋ ಬುಧವಾರವೋ ಬೆಳಗ್ಗೆ ಹೋಗುವ ಹೊತ್ತಿಗೆ ಮತ್ತು ಸಂಜೆ ಬರುವ ಹೊತ್ತಿಗೆ ಎರಡೂ ಸಲ ನಿಜವಾಗಿ ಓಡಾಡಿ ನೋಡಿ. ಭಾನುವಾರ ಮನೆ ನೋಡಲು ಹೋದಾಗ ಸಿಕ್ಕ ಹೊತ್ತು ಲೆಕ್ಕಕ್ಕಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಒಂದು ಸಲದ ಪ್ರಯಾಣಕ್ಕೆ ಈಗ 75 ನಿಮಿಷ, ಆಗ 40 ಅಂದರೆ, ಹೋಗಿ ಬರುವುದು ಸೇರಿ ದಿನಕ್ಕೆ 70 ನಿಮಿಷ ಉಳಿತಾಯ. 22 ದಿನಕ್ಕೆ ಇಪ್ಪತ್ತೈದೂವರೆ ಗಂಟೆಗೂ ಹೆಚ್ಚು. ಬಾಡಿಗೆ ತಿಂಗಳಿಗೆ 6,000 ರೂಪಾಯಿ ಜಾಸ್ತಿಯಾದರೆ ಒಂದು ಗಂಟೆಗೆ ಹೆಚ್ಚುಕಮ್ಮಿ 234 ರೂಪಾಯಿ ಕೊಟ್ಟ ಹಾಗಾಯಿತು. ಕೈಗೆಟುಕುವುದಾದರೆ ಕೊಡಿ. ಅಡ್ವಾನ್ಸಿಗೆ ಸಾಲ ಮಾಡಬೇಕು, ಹಳೇ ಮನೆಯವರು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ ಅನ್ನುವುದಾದರೆ ಅದನ್ನೂ 11 ತಿಂಗಳಿಗೆ ಹಂಚಿ ಸೇರಿಸಿಕೊಳ್ಳಿ. ಸಾಲದ ಕಂತಿನ ಚಿಂತೆ ಉಳಿದ ಹೊತ್ತನ್ನೆಲ್ಲ ತಿಂದುಹಾಕುತ್ತದೆ.

ಉಳಿದ ಹೊತ್ತು ಫೋನಿಗೆ ಹೋದರೂ ಮನೆ ಬದಲಿಸಿ ಪ್ರಯೋಜನವಿಲ್ಲ, ಹಿರಿಯರ ಮಾತು ನಿಜವಾಗುವುದು ಇಲ್ಲೇ. ಮನೆ ಹೊಕ್ಕ ಮೊದಲ ವಾರದಲ್ಲೇ ಒಂದು ಕೆಲಸ ಹಿಡಿದುಕೊಳ್ಳಿ. ಚಿಕ್ಕದಿರಲಿ, ದಿನಾ ಆಗುವಂಥದ್ದಿರಲಿ. ಮೂರು ಮನೆಗೆ ಒಂದೇ ಸಂಪಿದ್ದರೆ ಮೋಟರ್ ಆಫ್ ಮಾಡುವ ಜವಾಬ್ದಾರಿ ನಿಮ್ಮದು ಅನ್ನಿ. ಓವರ್‌ಹೆಡ್ ಟ್ಯಾಂಕ್ ತುಂಬಿ ಸುರಿಯುವುದು ನಿಂತರೆ ಕೆಳಗಿನವರೂ ಮೇಲಿನವರೂ ನಿಮ್ಮನ್ನು ಹೆಸರು ಹಿಡಿದು ಕರೆಯಲು ಶುರು ಮಾಡುತ್ತಾರೆ. ವಾರಾಂತ್ಯದ ಸಮಾಜಸೇವೆ ಅಂತ ದೊಡ್ಡದಾಗಿ ಹಚ್ಚಿಕೊಂಡರೆ ಮೂರನೇ ವಾರಕ್ಕೆ ಬಿಟ್ಟುಹೋಗುತ್ತದೆ.

ಅಡ್ವಾನ್ಸ್ ಕೊಡುವ ಮುಂಚೆ ಸಂಜೆ ಏಳರ ಹೊತ್ತಿಗೆ ಆ ಬೀದಿಯಲ್ಲಿ ಅರ್ಧ ಗಂಟೆ ನಿಲ್ಲಿ. ಎಷ್ಟು ಬಾಗಿಲು ತೆರೆದಿವೆ, ಎಷ್ಟು ಜನ ಗೇಟಿಗೆ ಒರಗಿ ಮಾತಾಡುತ್ತಿದ್ದಾರೆ, ನೋಡಿ. ಆಮೇಲೆ ಕೆಳಗಿನ ಮನೆಯವರನ್ನು ಎರಡೇ ಎರಡು ಪ್ರಶ್ನೆ ಕೇಳಿ: ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಕಸದ ಆಟೊ ಎಷ್ಟು ಹೊತ್ತಿಗೆ. ಎರಡನೆಯದಕ್ಕೆ ‘ಅದೋ, ಅಲ್ಲಿ ಮೂಲೆಗೆ ಹಾಕಿಬಿಡಿ’ ಅಂದರೆ ಬೇರೆ ಮನೆ ನೋಡಿ.