ಡೇವಿಡ್ ಗಿಲ್ಮೋರ್ ನುಡಿಸುವ ಆ ಕಪ್ಪು ಗಿಟಾರ್ ಯಾವುದು? ಅಂಥದ್ದೇ ಒಂದನ್ನು ನಾವು ಮಾಡಿಕೊಳ್ಳಬಹುದಾ?

ಗಿಲ್ಮೋರ್ ಗಿಟಾರ್ ನುಡಿಸುತ್ತಿದ್ದ ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಮೂರು ವಿಡಿಯೋ ನೋಡಿದ್ದೀರಿ. ಒಂದರಲ್ಲಿ ಕಪ್ಪು ಗಿಟಾರ್ ಮೇಲೆ ಬಿಳಿ ಪ್ಲೇಟ್ (ಬಾಡಿಯ ಮೇಲೆ ಸ್ಕ್ರೂ ಹಾಕಿ ಕೂರಿಸಿದ ತೆಳು ಹಲಗೆ), ಇನ್ನೊಂದರಲ್ಲಿ ಪ್ಲೇಟೂ ಕಪ್ಪು, ಮೂರನೆಯದರಲ್ಲಿ ಗಿಟಾರೇ ಕೆಂಪು. ಇದರಲ್ಲಿ ನಿಜವಾದದ್ದು ಯಾವುದು, 'ಕಂಫರ್ಟಬ್ಲಿ ನಂಬ್' ಹಾಡಿನ ಗಿಟಾರ್ ಸೋಲೋದ ನಾದ ಬರುವಂಥ ಒಂದು ಗಿಟಾರ್ ಮಾಡಿಕೊಳ್ಳೋಕೆ ಆಗುತ್ತಾ ಅಂತ ಕೇಳಿದ್ದೀರಿ.

ಕಪ್ಪಿನವು ಎರಡೂ ಒಂದೇ ಗಿಟಾರ್. ಕೆಂಪಿನದು ಬೇರೆ. ಮಾಡಿಕೊಳ್ಳೋಕೆ ಖಂಡಿತ ಆಗುತ್ತದೆ. ನಾನು ಮಾಡಿಕೊಂಡಿದ್ದೇನೆ, ಈಗಲೂ ದಿನಾ ಅದನ್ನೇ ನುಡಿಸುತ್ತೇನೆ.

ಗಿಲ್ಮೋರ್ ಈ ಫೆಂಡರ್ ಸ್ಟ್ರಾಟೋಕಾಸ್ಟರ್ ಕೊಂಡದ್ದು 1970ರ ಮೇ ತಿಂಗಳಲ್ಲಿ, ನ್ಯೂಯಾರ್ಕ್‌ನ ಮ್ಯಾನೀಸ್ ಅಂಗಡಿಯಲ್ಲಿ. ಅದಕ್ಕೂ ಕೆಲವೇ ವಾರ ಮೊದಲು ಅಲ್ಲೇ ಒಂದು ಕಪ್ಪು ಸ್ಟ್ರಾಟ್ ಕೊಂಡಿದ್ದರು. ನ್ಯೂ ಆರ್ಲಿಯನ್ಸ್‌ನಲ್ಲಿ ತಂಡದ ಸಾಮಾನು ಕಳುವಾದಾಗ ಅದೂ ಹೋಯಿತು. ಹಾಗಾಗಿ ಇದು ಎರಡನೆಯದು. ಮೇಲೆ ಕಾಣುವ ಕಪ್ಪು ಬಣ್ಣದ ಕೆಳಗೆ ಮೂಲ ಸನ್‌ಬರ್ಸ್ಟ್ ಬಣ್ಣ ಇನ್ನೂ ಇದೆ.

ಈ ಗಿಟಾರನ್ನು ಗುರುತಿಸೋದು ಯಾಕೆ ಕಷ್ಟ ಅಂದರೆ, ಅವರು ಇದನ್ನು ಸುಮ್ನೆ ಬಿಡಲೇ ಇಲ್ಲ. ಮನೆಯಲ್ಲಿ ಹಳೇ ಸ್ಕೂಟರ್ ಇಟ್ಟುಕೊಂಡವರು ಒಂದೊಂದೇ ಭಾಗ ಬದಲಾಯಿಸುತ್ತಾ ಹೋಗುತ್ತಾರಲ್ಲ, ಹಾಗೆ. ನೀವು ನೋಡಿದ ಬಿಳಿ ಪ್ಲೇಟಿನ ವಿಡಿಯೋ ಇಟಲಿಯ ಪಾಂಪೇಯದು, 1971ರದು. ಅದರಲ್ಲಿ ಬಿಳಿ ಪ್ಲೇಟ್, ಮೇಪಲ್ ಮರದ ನೆಕ್ (ಬೆರಳಾಡುವ ಉದ್ದನೆಯ ಕತ್ತು), ಅಗಲವಾದ ತಲೆ. 1972ರಲ್ಲಿ 1963ರ ಇನ್ನೊಂದು ಸ್ಟ್ರಾಟ್‌ನ ರೋಸ್‌ವುಡ್ ನೆಕ್ ತಂದು ಕೂರಿಸಿದರು. ರೋಸ್‌ವುಡ್ ಅಂದರೆ ನಮ್ಮ ಬೀಟೆಯ ಬಳಗದ ಮರ. 1973ರ 'ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ ಕಾಲದ ಫೋಟೋಗಳಲ್ಲಿ ಬೆರಳಾಡುವ ಪಟ್ಟಿ ಕಂದಾಗಿ ಕಾಣೋದು ಅದಕ್ಕೇ. ಕಪ್ಪು ಪ್ಲೇಟ್ ಬಂದದ್ದು 1974ರಲ್ಲಿ. ನಡುವೆ ಒಂದಷ್ಟು ದಿನ ಗಿಬ್ಸನ್‌ನ ದಪ್ಪ ಪಿಕಪ್ ಕೂಡ ಅದರಲ್ಲಿ ಇತ್ತು. ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ. ಆಮೇಲೆ ಬ್ರಿಜ್ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಪಕ್ಕದ ಪಿಕಪ್ ಜಾಗಕ್ಕೆ ಡಿಮಾರ್ಜಿಯೋ ಕಂಪನಿಯದು ಬಂತು. 1979ರಲ್ಲಿ ಪಿಕಪ್ ತಯಾರಕ ಸೆಮೋರ್ ಡಂಕನ್ ಸುತ್ತಿಕೊಟ್ಟದ್ದು ಬಂತು. ಎಂಬತ್ತರ ದಶಕದಲ್ಲಿ ಬೇರೆ ನಮೂನೆಯ ಬ್ರಿಜ್ ಹಾಕೋಕೆ ಬಾಡಿಯ ಮರವನ್ನೇ ಕೊರೆದರು. ಆಮೇಲೆ ಅದನ್ನು ಮುಚ್ಚಿ ಹಳೇ ಬ್ರಿಜ್ಜನ್ನೇ ಕೂರಿಸಿದರು. ಕೆಲವು ವರ್ಷ ಅದು ಹಾರ್ಡ್ ರಾಕ್ ಕೆಫೆಯ ಗೋಡೆಯ ಮೇಲೆ ತೂಗಾಡಿಕೊಂಡಿತ್ತು. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಇದ್ದದ್ದು ನೀವು ಕಂಡ ಕೆಂಪು ಸ್ಟ್ರಾಟ್. 1994ರ 'ಪಲ್ಸ್' ಕಚೇರಿಗಳಲ್ಲಿ ಕೇಳುವುದು ಅದನ್ನೇ. ಅದರಲ್ಲಿ ಬ್ಯಾಟರಿ ಬೇಕಾಗುವ ಇಎಂಜಿ ಪಿಕಪ್ ಇದ್ದವು. ಆ ನಾದ ಹೆಚ್ಚು ನುಣುಪು. 2005ರ ಜುಲೈ 2ರಂದು ಲಂಡನ್‌ನ ಹೈಡ್ ಪಾರ್ಕಿನಲ್ಲಿ ಲೈವ್ 8 ನಡೆದಾಗ ಕಪ್ಪು ಗಿಟಾರ್ ಮತ್ತೆ ವೇದಿಕೆಗೆ ಬಂತು. ಆಗ ಅದಕ್ಕೆ ಮೇಪಲ್ ನೆಕ್. 2019ರ ಜೂನ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಆ ಹರಾಜಿನ ಹಣವನ್ನೆಲ್ಲ ಅವರು ಪರಿಸರಕ್ಕಾಗಿ ದುಡಿಯುವ ಕ್ಲೈಂಟ್ ಅರ್ಥ್ ಸಂಸ್ಥೆಗೆ ಕೊಟ್ಟರು. ನನಗೆ ಅವರ ಮೇಲಿದ್ದ ಗೌರವ ಅವತ್ತು ಇನ್ನೂ ಜಾಸ್ತಿ ಆಯಿತು.

ಅದಕ್ಕೇ ಮೊದಲು ತೀರ್ಮಾನ ಮಾಡಬೇಕಾದ್ದು ಯಾವ ವರ್ಷದ ಗಿಟಾರ್ ಬೇಕು ಅಂತ. ನೀವು 'ಕಂಫರ್ಟಬ್ಲಿ ನಂಬ್' ಅಂದಿದ್ದೀರಿ, ಅಂದರೆ 1979. ಕಪ್ಪು ಪ್ಲೇಟ್, ರೋಸ್‌ವುಡ್ ತೆಗೆದು ಮತ್ತೆ ಹಾಕಿದ ಮೇಪಲ್ ನೆಕ್, ಬ್ರಿಜ್‌ನಲ್ಲಿ ಜೋರಾದ ಪಿಕಪ್. ಇನ್ನೊಂದು ಮಾತು ಗಮನಿಸಿ. ಅವರ ಎಲ್ಲ ಸೋಲೋಗಳೂ ಈ ಗಿಟಾರಿನವಲ್ಲ. ಈ ಹಾಡು ಇರುವ 'ದ ವಾಲ್' ಆಲ್ಬಮ್‌ನದೇ 'ಅನದರ್ ಬ್ರಿಕ್ ಇನ್ ದ ವಾಲ್' ಎರಡನೇ ಭಾಗದ ಸೋಲೋ ನುಡಿಸಿದ್ದು 1955ರ ಚಿನ್ನದ ಬಣ್ಣದ ಗಿಬ್ಸನ್ ಲೆಸ್ ಪಾಲ್‌ನಲ್ಲಿ. 'ಮನಿ' ಹಾಡಿನ ಸೋಲೋದಲ್ಲಿ ತಾರಸ್ಥಾಯಿಗೆ ಏರುವ ಭಾಗಕ್ಕೆ 24 ಫ್ರೆಟ್‌ನ (ಫ್ರೆಟ್ ಅಂದರೆ ವೀಣೆಯ ಮೆಟ್ಟಿಲಿನಂಥದ್ದು) ಲೂಯಿಸ್ ಗಿಟಾರ್ ಬಳಸಿದ್ದಾರೆ. ಸ್ಟ್ರಾಟ್‌ನಲ್ಲಿ ಅಷ್ಟು ಮೇಲಿನ ಫ್ರೆಟ್ ಇಲ್ಲವೇ ಇಲ್ಲ. ಇದು ಗೊತ್ತಿಲ್ಲದೆ ಗಿಟಾರನ್ನು ಬೈದುಕೊಂಡು ಕೂತವರನ್ನು ನೋಡಿದ್ದೇನೆ.

ಈಗ ಮಾಡುವ ವಿಷಯ. ಫೆಂಡರ್ ಕಂಪನಿಯೇ 2008ರಲ್ಲಿ ಇದರ ಪ್ರತಿ ಹೊರತಂದಿತು. ಅದು ಕೈಗೆಟುಕುವ ಮಾತಲ್ಲ. ನೀವು ಒಂದು ಒಳ್ಳೆಯ ಸ್ಕ್ವಯರ್ (ಫೆಂಡರ್‌ನದೇ ಕಡಿಮೆ ಬೆಲೆಯ ಬ್ರ್ಯಾಂಡ್) ಸ್ಟ್ರಾಟ್, ಮೇಪಲ್ ನೆಕ್ ಇರುವುದು, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸರಿ, ತಗೊಳ್ಳಿ. ಬಣ್ಣ ಕೆರೆದು ಹಳೆಯದರಂತೆ ಮಾಡಿಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಆ ದುಡ್ಡನ್ನು ಬ್ರಿಜ್ ಪಿಕಪ್‌ಗೆ ಹಾಕಿ. ಸೆಮೋರ್ ಡಂಕನ್‌ನ ಎಸ್‌ಎಸ್‌ಎಲ್-5 ಅನ್ನುವ ಪಿಕಪ್ ಗಿಲ್ಮೋರ್‌ಗೆ ಸುತ್ತಿಕೊಟ್ಟ ಪಿಕಪ್‌ನಿಂದಲೇ ಹುಟ್ಟಿದ್ದು. ಮಲ್ಟಿಮೀಟರ್ ಹಿಡಿದರೆ ಸುಮಾರು 13 ಕಿಲೋ ಓಮ್ ತೋರಿಸುತ್ತದೆ. ಮಾಮೂಲಿ ಸ್ಟ್ರಾಟ್ ಪಿಕಪ್ 6ರ ಆಸುಪಾಸು ಇರುತ್ತದೆ. ಅಂದರೆ ಒಳಗಿನ ತಾಮ್ರದ ಸುತ್ತು ಜಾಸ್ತಿ. ಸ್ಟ್ರಾಟ್‌ನ ಬ್ರಿಜ್ ಪಿಕಪ್‌ನಲ್ಲಿ ಕಿವಿಗೆ ಚುಚ್ಚುವ ಕೀರಲು ಇರುತ್ತದಲ್ಲ, ಅದು ಇದರಲ್ಲಿ ದಪ್ಪವಾಗುತ್ತದೆ. ಉಳಿದ ಎರಡು ಪಿಕಪ್ ಇದ್ದದ್ದೇ ಇರಲಿ.

ಎರಡನೆಯದು, ಪ್ಲೇಟ್ ಮೇಲಿನ ಪುಟ್ಟ ಟಾಗಲ್ ಸ್ವಿಚ್. ಅದನ್ನು ಒತ್ತಿದರೆ ಸೆಲೆಕ್ಟರ್ (ಯಾವ ಪಿಕಪ್ ನುಡಿಯಬೇಕು ಅಂತ ಆರಿಸುವ ಸ್ವಿಚ್) ಎಲ್ಲೇ ಇರಲಿ, ನೆಕ್ ಪಿಕಪ್ ಕೂಡ ಸೇರಿಕೊಳ್ಳುತ್ತದೆ. ಬ್ರಿಜ್ ಮತ್ತು ನೆಕ್ ಎರಡೂ ಒಟ್ಟಿಗೆ ನುಡಿಯೋದು ಮಾಮೂಲಿ ಸ್ಟ್ರಾಟ್‌ನಲ್ಲಿ ಆಗದ ಕೆಲಸ. ನಾನು ಸ್ವಿಚ್ಚು, ವೈರು ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ, ಚಿಲ್ಲರೆ ಕಾಸಿಗೆ. ಕೆಲಸ ಸುಲಭ. ಸೆಲೆಕ್ಟರ್‌ನಲ್ಲಿ ನೆಕ್ ಪಿಕಪ್‌ನ ವೈರ್ ಬಂದು ಕೂರುವ ಕಾಲಿನಿಂದ ಟಾಗಲ್‌ಗೆ ಒಂದು ವೈರ್, ಟಾಗಲ್‌ನಿಂದ ವಾಲ್ಯೂಮ್‌ಗೆ ಹೋಗುವ ಕಾಲಿಗೆ ಇನ್ನೊಂದು. ಅಷ್ಟೇ.

ನಾನು ಒಂದು ರಾತ್ರಿ ಊಟದ ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಇದನ್ನೆಲ್ಲ ಬೆಸುಗೆ ಹಾಕಿದೆ. ಮುಗಿಯುವ ಹೊತ್ತಿಗೆ ಹನ್ನೆರಡು ದಾಟಿತ್ತು. ಬ್ರಿಜ್ ಒಂದೇ ನುಡಿಸಿದೆ, ಎದೆ ತುಂಬಿ ಬಂತು. ಟಾಗಲ್ ಒತ್ತಿದೆ. ನಾದ ಸೊರಗಿ, ಹಳೇ ಟ್ರಾನ್ಸಿಸ್ಟರ್ ರೇಡಿಯೋದಿಂದ ಬಂದ ಹಾಗೆ ತೆಳ್ಳಗಾಯಿತು. ಪಿಕಪ್ಪೇ ಸುಟ್ಟುಹೋಯಿತೇನೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೊಳೆಯಿತು. ಎರಡು ಬೇರೆ ಕಂಪನಿಯ ಪಿಕಪ್ ಸೇರಿದಾಗ ಕೆಲವೊಮ್ಮೆ ಒಂದು ಎಳೆದತ್ತ ಇನ್ನೊಂದು ಎಳೆಯುವುದಿಲ್ಲ. ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿರುತ್ತದೆ. ಒಂದನ್ನೊಂದು ಕಡಿದುಹಾಕುತ್ತವೆ. ಡಂಕನ್‌ನ ಬಿಳಿ ಮತ್ತು ಕಪ್ಪು ವೈರ್ ಎರಡನ್ನೂ ಅದಲುಬದಲು ಮಾಡಿದೆ. ಟಾಗಲ್ ಒತ್ತಿದರೆ ಈ ಸಲ ತುಂಬಿದ ನಾದ, ಗಂಟೆ ಬಾರಿಸಿದ ಹಾಗೆ. ನಿಮಗೂ ಹೀಗಾದರೆ ಗಾಬರಿ ಬೀಳಬೇಡಿ.

ಪ್ಲೇಟ್ ವಿಷಯದಲ್ಲಿ ಮಾತ್ರ ಅಳತೆ ನೋಡಿಯೇ ತರಿಸಿ. ಗಿಲ್ಮೋರ್‌ದು 11 ಸ್ಕ್ರೂವಿನ ಪ್ಲೇಟ್. ನಾನು ಆನ್‌ಲೈನ್‌ನಲ್ಲಿ ತರಿಸಿದ್ದು 11 ಸ್ಕ್ರೂವಿನದೇ ಆದರೂ ನನ್ನ ಬಾಡಿಯ ತೂತಿಗೆ ನಾಲ್ಕು ಮಾತ್ರ ಸರಿಯಾಗಿ ಕೂತವು. ಉಳಿದ ಹಳೇ ತೂತುಗಳಿಗೆ ಫೆವಿಕಾಲ್ ಅದ್ದಿದ ಹಲ್ಲುಕಡ್ಡಿ ತುರುಕಿ, ಒಣಗಿದ ಮೇಲೆ ಸಮನಾಗಿ ಕತ್ತರಿಸಿ, ಹೊಸದಾಗಿ ತೂತು ಹಾಕಬೇಕಾಯಿತು.

ಇನ್ನು ಸ್ವರ ನಡುಗಿಸುವ ಟ್ರೆಮೊಲೋ ಕಡ್ಡಿ. ಗಿಲ್ಮೋರ್ ಅದನ್ನು 4¼ ಇಂಚಿಗೆ ಮೊಟಕು ಮಾಡಿಸಿಕೊಂಡಿದ್ದಾರೆ. ಕಡ್ಡಿ ಚಿಕ್ಕದಿದ್ದರೆ ಪಿಕ್ ಹಿಡಿದ ಕೈಯಲ್ಲೇ ಅದೂ ಸೇರಿಕೊಂಡಿರುತ್ತದೆ. ಸ್ವರದ ಕೊನೆಯಲ್ಲಿ ಒಂದು ಸಣ್ಣ ನಡುಕ ಕೊಡೋಕೆ ಕೈ ಎತ್ತಬೇಕಿಲ್ಲ. ಹ್ಯಾಕ್ಸಾ ಬ್ಲೇಡ್‌ನಿಂದ ಕತ್ತರಿಸಬಹುದು. ತಿರುಪು ಇರುವ ತುದಿಯನ್ನು ಮುಟ್ಟಬೇಡಿ, ಇನ್ನೊಂದು ತುದಿ ಕತ್ತರಿಸಿ ಅರ ಹಾಕಿ ನುಣುಪು ಮಾಡಿ. ನನ್ನ ಮಟ್ಟಿಗೆ ಪಿಕಪ್ ಬಿಟ್ಟರೆ ಅತಿ ಹೆಚ್ಚು ವ್ಯತ್ಯಾಸ ಮಾಡಿದ್ದು ಇದೇ, ಇದಕ್ಕೆ ಖರ್ಚೂ ಇಲ್ಲ. ತಂತಿ 10ರಿಂದ 48ರ ಸೆಟ್ ಹಾಕಿ (ಇದು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ).

ಗಿಟಾರ್ ಒಂದರಿಂದಲೇ ಆ ನಾದ ಬರುವುದಿಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ರೆಕಾರ್ಡಿಂಗ್‌ನಲ್ಲಿ ಗಿಟಾರಿನಿಂದ ನಾದ ಒರಟು ಮಾಡುವ ಬಿಗ್ ಮಫ್ ಪೆಡಲ್, ಅಲ್ಲಿಂದ 100 ವಾಟ್‌ನ ಹೈವಾಟ್ ಆಂಪ್, ಜೊತೆಗೆ ಒಳಗೆ ಗಿರಗಿರ ತಿರುಗುವ ಯಮಹಾ ಸ್ಪೀಕರ್. ಆಂಪ್‌ನಲ್ಲಿ ನಾದ ಒಡೆಯದೆ ಶುದ್ಧವಾಗಿ ಬರುತ್ತಿತ್ತು, ಒರಟುತನವೆಲ್ಲ ಪೆಡಲ್‌ದು. ಹಾಗಾಗಿ ಮನೆಯಲ್ಲೂ ಆಂಪ್‌ನ ಗೇನ್ ಕೆಳಗಿಟ್ಟು, ಬಿಗ್ ಮಫ್ ಹಾಕಿ, ಅದರ ನಂತರ ಅರ್ಧ ಸೆಕೆಂಡಿಗೆ ಸ್ವಲ್ಪ ಕಮ್ಮಿ ಇರುವ ಡಿಲೇ (ಪ್ರತಿಧ್ವನಿ ಕೊಡುವ ಪೆಡಲ್) ಇಡಿ. ಆಮೇಲೆ ಕೈ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿ ಎಳೆದು ಮೇಲಿನ ಸ್ವರ ಮುಟ್ಟುತ್ತಾರಲ್ಲ, ಗಿಲ್ಮೋರ್ ಮಾಡೋದೂ ಅದನ್ನೇ. ಎಳೆದು, ಸ್ವರ ಸರಿಯಾಗಿ ನಿಂತ ಮೇಲೆಯೇ ನಡುಗಿಸುತ್ತಾರೆ. ಅವಸರ ಇಲ್ಲ. ನಾನು ಆ ಸೋಲೋದ ಮೊದಲ ನಾಲ್ಕು ಸಾಲಿಗೇ ಮೂರು ತಿಂಗಳು ಕೂತಿದ್ದೇನೆ, ಒಂದು ದಿನವೂ ಬೇಜಾರಾಗಲಿಲ್ಲ.

ನಿಮ್ಮ ಹತ್ತಿರ ಈಗಾಗಲೇ ಸ್ಟ್ರಾಟ್ ಥರದ ಗಿಟಾರ್ ಇದ್ದರೆ ಹೊಸದು ಕೊಳ್ಳೋ ಮುಂಚೆ ಪ್ಲೇಟ್‌ನ ಸ್ಕ್ರೂ ಎಣಿಸಿ, ಯಾವ ಕಂಪನಿ, ನೆಕ್ ಯಾವ ಮರ ಅಂತ ಬರೆಯಿರಿ. ಅದರಲ್ಲೇ ಮಾಡಬಹುದಾ ಅಂತ ನೋಡಿ ಹೇಳುತ್ತೇನೆ.